ಕೃಷಿ ದತ್ತಾಂಶದ ಆಲೇಖಗಳಲ್ಲಿ ಏಕರೂಪತೆ: ಸಿದ್ಧಮಾದರಿಗಳು ಮತ್ತು ಸಹಾಯಕ ತಂತ್ರಾಂಶಗಳು

ಮಳೆ, ಇಳುವರಿ, ಮಣ್ಣಿನ ಫಲವತ್ತತೆ, ಮಾರುಕಟ್ಟೆ ಧಾರಣೆ ಇವುಗಳ ಅಂಕಿಅಂಶಗಳು ಇಂದು ರೈತರನ್ನು ತಲುಪುತ್ತಿರುವುದು ಹೆಚ್ಚಾಗಿ ಆಲೇಖಗಳ ರೂಪದಲ್ಲಿ. ರೂಢಿಯಲ್ಲಿ ಗ್ರಾಫ್ ಎಂದು ಕರೆಯುವ ಈ ಚಿತ್ರಗಳು ಕೃಷಿ ವಿಜ್ಞಾನ ಕೇಂದ್ರದ ಕರಪತ್ರದಲ್ಲಿ, ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ, ಕ್ಷೇತ್ರೋತ್ಸವದ ಫಲಕದಲ್ಲಿ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮೊಬೈಲ್ ಫೋನಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕಾಣಸಿಗುತ್ತವೆ. ಒಂದೇ ಸಂಸ್ಥೆಯ ಬೇರೆ ಬೇರೆ ವಿಭಾಗಗಳು ಒಂದೇ ವಿಷಯವನ್ನು ಬೇರೆ ಬೇರೆ ಬಣ್ಣ, ಬೇರೆ ಬೇರೆ ಅಳತೆಯ ಮಾನ ಮತ್ತು ಬೇರೆ ಬೇರೆ ಅಕ್ಷಗಳಲ್ಲಿ ಚಿತ್ರಿಸಿದಾಗ, ಓದುವವರು ಪ್ರತಿ ಬಾರಿಯೂ ಚಿತ್ರದ ಭಾಷೆಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಹಾಗೆ ಕಲಿಯುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ. ಆದ್ದರಿಂದ ಅವರು ಊಹಿಸುತ್ತಾರೆ. ಆ ಊಹೆ ತಪ್ಪಿದರೆ ನಷ್ಟವಾಗುವುದು ಹೊಲದಲ್ಲಿ.

ಇದಕ್ಕೆ ಪರಿಹಾರವಾಗಿ ಅನೇಕ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ಸಿದ್ಧಮಾದರಿಗಳನ್ನೂ ಸಣ್ಣ ಸಹಾಯಕ ತಂತ್ರಾಂಶಗಳನ್ನೂ ಒದಗಿಸಿವೆ. ಅಕ್ಷರದ ವಿನ್ಯಾಸ, ಬಣ್ಣ, ಅಕ್ಷ, ಮೂಲದ ಉಲ್ಲೇಖ ಮೊದಲಾದವನ್ನು ಒಮ್ಮೆ ನಿರ್ಧರಿಸಿ ಕಡತವೊಂದರಲ್ಲಿ ಇರಿಸಿಬಿಟ್ಟರೆ, ಆಲೇಖ ರಚಿಸುವವರು ಅಂಕಿಗಳನ್ನು ತುಂಬಿದರೆ ಸಾಕು. ಇಂಥ ವ್ಯವಸ್ಥೆಯಲ್ಲಿ ಏನೇನು ಇರಬೇಕು ಮತ್ತು ನಮ್ಮ ಕೃಷಿ ವಿಸ್ತರಣಾ ಕಾರ್ಯಕ್ಕೆ ಅದನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಆಲೇಖ ರಚಿಸದ, ಕೇವಲ ಓದುವ ರೈತ ಬಾಂಧವರಿಗೆ ಅಕ್ಷ, ಅಳತೆಯ ಮಾನ ಹಾಗೂ ಬಣ್ಣಗಳನ್ನು ಕುರಿತ ಭಾಗಗಳು ಹೆಚ್ಚು ಉಪಯುಕ್ತ.

ಲಂಬ ಅಕ್ಷ ಎಲ್ಲಿಂದ ಆರಂಭವಾಗಬೇಕು

ಸ್ತಂಭಾಲೇಖದಲ್ಲಿ ಕಣ್ಣು ಅಳೆಯುವುದು ಸ್ತಂಭದ ಉದ್ದವನ್ನು. ಆದ್ದರಿಂದ ಲಂಬ ಅಕ್ಷ ಸೊನ್ನೆಯಿಂದಲೇ ಆರಂಭವಾಗಬೇಕು. ಎಕ್ಸೆಲ್ ಮೊದಲಾದ ತಂತ್ರಾಂಶಗಳು ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದಾಗ ಅಕ್ಷದ ಆರಂಭವನ್ನು ತಾವಾಗಿಯೇ ಮೇಲಕ್ಕೆ ಸರಿಸುವುದುಂಟು. ಅದರ ಪರಿಣಾಮವನ್ನು ರಾಗಿಯ ಕನಿಷ್ಠ ಬೆಂಬಲ ಬೆಲೆಯ ಉದಾಹರಣೆಯಿಂದ ತಿಳಿಯಬಹುದು. ಕ್ವಿಂಟಾಲಿಗೆ 2021-22ರಲ್ಲಿ 3,377 ರೂಪಾಯಿ, 2022-23ರಲ್ಲಿ 3,578, 2023-24ರಲ್ಲಿ 3,846, 2024-25ರಲ್ಲಿ 4,290 ರೂಪಾಯಿ ಘೋಷಣೆಯಾಗಿತ್ತು. ಅಂದರೆ ಮೂರು ವರ್ಷಗಳಲ್ಲಿ ಆದ ಏರಿಕೆ ಶೇ 27. ಇದೇ ಅಂಕಿಗಳನ್ನು 3,300ರಿಂದ ಆರಂಭವಾಗುವ ಅಕ್ಷದ ಮೇಲೆ ಚಿತ್ರಿಸಿದರೆ ಮೊದಲ ಸ್ತಂಭದ ಎತ್ತರ 77, ಕೊನೆಯದರ ಎತ್ತರ 990. ನೋಡಿದವರಿಗೆ ಬೆಲೆ ಹದಿಮೂರು ಪಟ್ಟು ಹೆಚ್ಚಿದಂತೆ ಕಾಣುತ್ತದೆ. ಅಂಕಿಗಳಲ್ಲಿ ಸುಳ್ಳಿಲ್ಲ, ಆದರೆ ಚಿತ್ರ ಸುಳ್ಳು ಹೇಳುತ್ತಿದೆ.

ಬೆಲೆಯ ವಿಷಯದಲ್ಲಿ ಇದು ಹೆಚ್ಚೆಂದರೆ ಒಂದು ಭ್ರಮೆ. ತಳಿಗಳ ಹೋಲಿಕೆಯಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ಮೂರು ತಳಿಗಳ ಇಳುವರಿ ಹೆಕ್ಟೇರಿಗೆ ಕ್ರಮವಾಗಿ 32.4, 33.6 ಮತ್ತು 34.1 ಕ್ವಿಂಟಾಲ್ ಬಂದಿದೆ ಎಂದಿಟ್ಟುಕೊಳ್ಳಿ. ಅಕ್ಷ 30ರಿಂದ ಆರಂಭವಾದರೆ ಮೂರನೆಯ ತಳಿಯ ಸ್ತಂಭ ಮೊದಲನೆಯದಕ್ಕಿಂತ 1.7 ಪಟ್ಟು ಎತ್ತರವಾಗಿ ನಿಲ್ಲುತ್ತದೆ. ಈ ಪ್ರಯೋಗದಲ್ಲಿ ಸಿ.ಡಿ. ಎಂದು ನಾವು ಕರೆಯುವ ನಿರ್ಣಾಯಕ ವ್ಯತ್ಯಾಸ 2.6 ಕ್ವಿಂಟಾಲ್ ಇದ್ದರೆ, ಮೊದಲ ಮತ್ತು ಮೂರನೆಯ ತಳಿಗಳ ನಡುವಿನ 1.7 ಕ್ವಿಂಟಾಲ್ ಅಂತರಕ್ಕೆ ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಬೆಲೆಯೇ ಇಲ್ಲ. ಮಣ್ಣಿನ ಏರಿಳಿತದಿಂದಲೂ ಅಷ್ಟು ವ್ಯತ್ಯಾಸ ಬರಬಹುದು. ಆದರೂ ಆ ಚಿತ್ರ ನೋಡಿದ ರೈತರು ಮನೆಯಲ್ಲಿರುವ ಒಳ್ಳೆಯ ಬೀಜವನ್ನು ಬಿಟ್ಟು ಹೊಸ ಬೀಜಕ್ಕೆ ಹಣ ತೆರುವ ಸಾಧ್ಯತೆ ಇದೆ.

ಆದ್ದರಿಂದ ಇಳುವರಿ ಆಲೇಖದ ಸಿದ್ಧಮಾದರಿಯಲ್ಲಿ ಎರಡು ಸಂಗತಿಗಳು ಕಡ್ಡಾಯವಾಗಿರಬೇಕು: ಸೊನ್ನೆಯಿಂದ ಆರಂಭವಾಗುವ ಅಕ್ಷ, ಮತ್ತು ಸಿ.ಡಿ. ಬೆಲೆಯನ್ನು ತೋರಿಸುವ ಒಂದು ಲಂಬ ಗೆರೆ. ಚಿತ್ರದ ಮೂಲೆಯಲ್ಲಿ ಸಿ.ಡಿ.ಯಷ್ಟೇ ಉದ್ದದ ಗೆರೆಯೊಂದನ್ನು ಎಳೆದು, ‘ಎರಡು ಸ್ತಂಭಗಳ ನಡುವಿನ ಅಂತರ ಈ ಗೆರೆಗಿಂತ ಕಡಿಮೆಯಿದ್ದರೆ ಎರಡೂ ಸಮ’ ಎಂದು ಬರೆದರೆ, ಸಂಖ್ಯಾಶಾಸ್ತ್ರ ಓದದವರೂ ಕಡ್ಡಿಯಿಂದ ಅಳೆದು ನೋಡಬಹುದು. ಸ್ತಂಭಗಳ ತುದಿಯಲ್ಲಿ ಮೀಸೆಯಂತೆ ದೋಷಪಟ್ಟಿ ಎಳೆಯುವ ರೂಢಿ ನಮ್ಮ ಪ್ರಬಂಧಗಳಲ್ಲಿದೆ. ರೈತರಿಗೆ ಕೊಡುವ ಚಿತ್ರಗಳಲ್ಲಿ ಅದನ್ನು ಬಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಕಾರಣ ಇಷ್ಟೆ: ಆ ಮೀಸೆ ಸಾಮಾನ್ಯವಾಗಿ ಸರಾಸರಿಯ ಪ್ರಮಾಣ ದೋಷವನ್ನು ತೋರಿಸುತ್ತದೆ. 7 ಉಪಚಾರ ಹಾಗೂ 3 ಪುನರಾವರ್ತನೆಗಳ ಯಾದೃಚ್ಛಿಕ ಖಂಡ ವಿನ್ಯಾಸದಲ್ಲಿ, ಶೇ 5ರ ಮಟ್ಟದಲ್ಲಿ, ಸಿ.ಡಿ. ಎಂಬುದು ಆ ಪ್ರಮಾಣ ದೋಷದ 3.08 ಪಟ್ಟು. ಎರಡು ಸ್ತಂಭಗಳ ಮೀಸೆಗಳು ಒಂದಕ್ಕೊಂದು ತಾಗದಿರಲು ಎರಡು ಪಟ್ಟಿನ ಅಂತರ ಸಾಕು. ಹೀಗಾಗಿ ಮೀಸೆಗಳು ಬೇರೆಯಾಗಿ ಕಂಡರೂ ತಳಿಗಳು ಸಮವೇ ಆಗಿರಬಹುದು. ಓದಿಕೊಂಡವರೇ ಇಲ್ಲಿ ಎಡವುತ್ತಾರೆ.

ರೇಖಾ ಆಲೇಖಕ್ಕೆ ಸೊನ್ನೆಯ ನಿಯಮ ಅಷ್ಟು ಕಟ್ಟುನಿಟ್ಟಲ್ಲ. ದಿನದ ಗರಿಷ್ಠ ಉಷ್ಣಾಂಶವನ್ನು ಸೊನ್ನೆಯಿಂದ ಚಿತ್ರಿಸಿದರೆ ಉಪಯುಕ್ತ ಏರಿಳಿತವೇ ಮಾಯವಾಗುತ್ತದೆ. ಅಂಥಲ್ಲಿ ಅಕ್ಷದ ಆರಂಭವನ್ನು ಸ್ಪಷ್ಟವಾಗಿ ನಮೂದಿಸಿದರೆ ಸಾಕು.

ಅಳತೆಯ ಮಾನ: ಹೆಕ್ಟೇರೋ ಎಕರೆಯೋ

ಸಂಶೋಧನೆಯಲ್ಲಿ ನಾವು ಬಳಸುವುದು ಹೆಕ್ಟೇರು. ರೈತರು ಯೋಚಿಸುವುದು ಎಕರೆ ಗುಂಟೆಗಳಲ್ಲಿ. ಒಂದು ಹೆಕ್ಟೇರು 2.47 ಎಕರೆಗೆ ಸಮ ಎಂಬುದು ಎಲ್ಲರಿಗೂ ತಿಳಿದಿದೆಯಾದರೂ, ಅಕ್ಷದ ಪಕ್ಕದಲ್ಲಿ ಮಾನವನ್ನು ಬರೆಯದ ಆಲೇಖಗಳು ಇಂದಿಗೂ ಬರುತ್ತಲೇ ಇವೆ. ಇಳುವರಿಯ ಆಲೇಖದಲ್ಲಿ ಇದರಿಂದ ಆಗುವುದು ನಿರಾಸೆ ಮಾತ್ರ: ಹೆಕ್ಟೇರಿಗೆ 34 ಕ್ವಿಂಟಾಲ್ ಎಂಬುದು ಎಕರೆಗೆ ಸುಮಾರು 13.8 ಕ್ವಿಂಟಾಲ್ ಅಷ್ಟೆ. ಗೊಬ್ಬರದ ಆಲೇಖದಲ್ಲಿ ಬೆಳೆಯೇ ಕೆಡುತ್ತದೆ.

ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕೆ.ಜಿ. ಸಾರಜನಕ ಎಂಬ ಶಿಫಾರಸನ್ನು ತೆಗೆದುಕೊಳ್ಳೋಣ. ಎಕರೆಗೆ ಇದು ಸುಮಾರು 20 ಕೆ.ಜಿ. ಅಷ್ಟನ್ನೂ ಶೇ 46 ಸಾರಜನಕವಿರುವ ಯೂರಿಯಾದಿಂದಲೇ ಕೊಡುವುದಾದರೆ 44 ಕೆ.ಜಿ., ಅಂದರೆ ಈಗಿನ 45 ಕೆ.ಜಿ. ಚೀಲದಲ್ಲಿ ಸರಿಸುಮಾರು ಒಂದು ಚೀಲ ಬೇಕು. ಮಾನವಿಲ್ಲದ ಚಿತ್ರ ನೋಡಿ 50 ಕೆ.ಜಿ.ಯನ್ನು ಎಕರೆಯ ಲೆಕ್ಕವೆಂದು ಭಾವಿಸಿದವರು ಸುಮಾರು 109 ಕೆ.ಜಿ., ಹತ್ತಿರ ಹತ್ತಿರ ಎರಡೂವರೆ ಚೀಲ ಹಾಕುತ್ತಾರೆ. ಪೈರು ಹಸಿರೇರಿ ಸೊಕ್ಕಿ ಬೆಳೆದು, ತೆನೆ ಕಟ್ಟುವ ಹೊತ್ತಿಗೆ ನೆಲಕ್ಕೊರಗುತ್ತದೆ. ಬೆಂಕಿರೋಗದ ಬಾಧೆಯೂ ಹೆಚ್ಚುತ್ತದೆ.

ಒಳ್ಳೆಯ ಸಹಾಯಕ ತಂತ್ರಾಂಶ ಈ ಪರಿವರ್ತನೆಯನ್ನು ಬರೆಯುವವರ ನೆನಪಿಗೆ ಬಿಡುವುದಿಲ್ಲ. ಅಂಕಿ ತುಂಬುವಾಗಲೇ ಮಾನವನ್ನು ಕೇಳುತ್ತದೆ; ಮಾನ ಕೊಡದಿದ್ದರೆ ಚಿತ್ರವನ್ನು ರಚಿಸುವುದೇ ಇಲ್ಲ. ಎಡ ಅಕ್ಷದಲ್ಲಿ ಎಕರೆಯ ಲೆಕ್ಕ, ಅಡಿಟಿಪ್ಪಣಿಯಲ್ಲಿ ಹೆಕ್ಟೇರಿನ ಲೆಕ್ಕ ಎಂಬ ಕ್ರಮವನ್ನು ರೈತರಿಗಾಗಿ ರಚಿಸುವ ಎಲ್ಲ ಚಿತ್ರಗಳಿಗೂ ಅನ್ವಯಿಸುವುದು ಸೂಕ್ತ. ಎಡಕ್ಕೆ ಹೆಕ್ಟೇರು, ಬಲಕ್ಕೆ ಎಕರೆ ಎಂದು ಎರಡು ಅಕ್ಷಗಳನ್ನು ಎಳೆಯುವ ಪದ್ಧತಿ ಗೊಂದಲಕ್ಕೆ ದಾರಿ.

ಮಣ್ಣು ಆರೋಗ್ಯ ಚೀಟಿಯ ವಿವರಗಳನ್ನು ಚಿತ್ರಿಸುವಾಗ ತೊಡಕು ಬೇರೆ ರೀತಿಯದು. ಚೀಟಿಯಲ್ಲಿ 12 ಅಂಶಗಳಿದ್ದು, ಸಾರಜನಕ ಹೆಕ್ಟೇರಿಗೆ ಕೆ.ಜಿ.ಯಲ್ಲಿ, ಸಾವಯವ ಇಂಗಾಲ ಶೇಕಡದಲ್ಲಿ, ಸತು ದಶಲಕ್ಷಾಂಶದಲ್ಲಿ ಇರುತ್ತವೆ. ಇವನ್ನೆಲ್ಲ ಒಂದೇ ಅಕ್ಷದ ಮೇಲೆ ನಿಲ್ಲಿಸಿದರೆ ಸತುವಿನ ಸ್ತಂಭ ಕಾಣಿಸುವುದೇ ಇಲ್ಲ. ಅದರ ಬದಲು ಪ್ರತಿ ಅಂಶಕ್ಕೂ ಒಂದು ಅಡ್ಡಪಟ್ಟಿ ಎಳೆದು, ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಭಾಗ ಮಾಡಿ, ರೈತರ ಮಣ್ಣಿನ ಬೆಲೆಯನ್ನು ಒಂದು ಗುರುತಿನಿಂದ ತೋರಿಸಬೇಕು. ಲಭ್ಯ ಸಾರಜನಕಕ್ಕೆ 280 ಮತ್ತು 560 ಕೆ.ಜಿ., ಸಾವಯವ ಇಂಗಾಲಕ್ಕೆ ಶೇ 0.50 ಮತ್ತು 0.75 ಎಂಬ ಗಡಿಗಳು ಸಿದ್ಧಮಾದರಿಯಲ್ಲೇ ಇರಲಿ. ಸತುವಿಗೆ 0.6 ದಶಲಕ್ಷಾಂಶವೆಂಬ ಒಂದೇ ಗಡಿ. ರಸಸಾರಕ್ಕೆ ಈ ಪಟ್ಟಿ ಹೊಂದುವುದಿಲ್ಲ. ಅಲ್ಲಿ ಹೆಚ್ಚೂ ದೋಷ, ಕಡಿಮೆಯೂ ದೋಷ. ಅದಕ್ಕೆ ನಡುವೆ ತಟಸ್ಥ ಭಾಗವಿರುವ ಬೇರೆ ಪಟ್ಟಿ ಬೇಕು.

ಬಣ್ಣಗಳ ಆಯ್ಕೆ

ಸಂಸ್ಥೆಯೊಂದರ ಆಲೇಖಗಳು ಒಂದೇ ಮನೆಯವು ಎನಿಸುವುದು ಮುಖ್ಯವಾಗಿ ಬಣ್ಣದಿಂದ. ಆದರೆ ಅಂದಕ್ಕಿಂತ ಅರ್ಥ ಮುಖ್ಯ. ರೈತರ ಮನಸ್ಸಿನಲ್ಲಿ ಬಣ್ಣಗಳಿಗೆ ಈಗಾಗಲೇ ಅರ್ಥಗಳಿವೆ ಎಂಬುದನ್ನು ನಾವು ಮರೆಯುತ್ತೇವೆ, ಮತ್ತು ಆ ಅರ್ಥಗಳು ಒಂದಕ್ಕೊಂದು ಹೊಂದುವುದಿಲ್ಲ.

ಹಳದಿಯನ್ನೇ ನೋಡಿ. ಭಾರತೀಯ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಹಂತಗಳಿದ್ದು, ಹಳದಿ ಎಂದರೆ ಗಮನವಿಡಿ ಎಂಬಷ್ಟೇ ಅರ್ಥ. ಕೀಟನಾಶಕದ ಡಬ್ಬಿಯ ಮೇಲಿನ ವಜ್ರಾಕೃತಿಯ ಗುರುತಿನಲ್ಲಿ ಕೆಂಪು ಅತ್ಯಂತ ವಿಷಕಾರಿ, ಅದರ ನಂತರದ್ದೇ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಅಲ್ಲಿ ಹಳದಿಯೆಂದರೆ ಅಪಾಯ. ಹಸಿರೆಂದರೂ ನಿರಪಾಯವಲ್ಲ, ಕಡಿಮೆ ವಿಷ ಅಷ್ಟೆ. ಇನ್ನು ಹವಾಮಾನ ಇಲಾಖೆಯದೇ ಮಳೆ ಹಂಚಿಕೆಯ ಭೂಪಟದಲ್ಲಿ ವಾಡಿಕೆಗಿಂತ ಶೇ 20ರಿಂದ 59ರಷ್ಟು ಕೊರತೆಯಾದ ಜಿಲ್ಲೆಗೆ ಕೆಂಪು, ಶೇ 60ಕ್ಕೂ ಮಿಗಿಲಾದ ತೀವ್ರ ಕೊರತೆಗೆ ಹಳದಿ. ಕೆಂಪಿಗಿಂತ ಹಳದಿ ಸೌಮ್ಯವೆಂದು ತಿಳಿದವರು ಈ ಭೂಪಟವನ್ನು ತಲೆಕೆಳಗಾಗಿ ಓದುತ್ತಾರೆ. ಆದ್ದರಿಂದ ಸಿದ್ಧಮಾದರಿಯ ಮೊದಲ ನಿಯಮ ಹೀಗಿರಲಿ: ಎಚ್ಚರಿಕೆಯ ನಾಲ್ಕು ಬಣ್ಣಗಳನ್ನು ಎಚ್ಚರಿಕೆಗಲ್ಲದೆ ಬೇರೆ ಉದ್ದೇಶಕ್ಕೆ ಬಳಸಬಾರದು, ಮತ್ತು ಬಣ್ಣದ ಜೊತೆಗೆ ಅದರ ಅರ್ಥವನ್ನು ಅಕ್ಷರದಲ್ಲಿ ಬರೆಯದೆ ಬಿಡಬಾರದು.

ಎರಡನೆಯ ವಿಚಾರ ವರ್ಣಾಂಧತೆ. ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸ ತಿಳಿಯದವರು ನಮ್ಮ ನಡುವೆ ಇದ್ದಾರೆ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಅನೇಕರಿಗೆ ತಮಗೆ ಆ ತೊಂದರೆ ಇದೆಯೆಂಬ ಅರಿವೂ ಇರುವುದಿಲ್ಲ. ಜಪಾನಿನ ವಿಜ್ಞಾನಿಗಳಾದ ಮಸತಾಕ ಒಕಾಬೆ ಮತ್ತು ಕೇ ಇಟೊ ಅವರು ಇಂಥವರಿಗೂ ಗುರುತು ಸಿಗುವ ಎಂಟು ಬಣ್ಣಗಳ ಪಟ್ಟಿಯನ್ನು ರೂಪಿಸಿದ್ದಾರೆ. ಕಪ್ಪನ್ನು ಬಿಟ್ಟು ಉಳಿದವುಗಳ ಕೆಂಪು, ಹಸಿರು, ನೀಲಿ ಅಂಶಗಳು ಕ್ರಮವಾಗಿ ಹೀಗಿವೆ: ಕಿತ್ತಳೆ 230, 159, 0; ಆಕಾಶನೀಲಿ 86, 180, 233; ನೀಲಿಛಾಯೆಯ ಹಸಿರು 0, 158, 115; ಹಳದಿ 240, 228, 66; ನೀಲಿ 0, 114, 178; ಸಿಂಧೂರ 213, 94, 0; ನೇರಳೆ 204, 121, 167. ಎಕ್ಸೆಲ್‌ನಲ್ಲಿ ಬಣ್ಣ ಆರಿಸುವಾಗ ಈ ಅಂಕಿಗಳನ್ನೇ ನಮೂದಿಸಬಹುದು.

ಮೂರನೆಯದು ಜೆರಾಕ್ಸ್. ಹೋಬಳಿ ಮಟ್ಟಕ್ಕೆ ಬರುವ ಹೊತ್ತಿಗೆ ನಮ್ಮ ಬಣ್ಣದ ಕರಪತ್ರ ಕಪ್ಪುಬಿಳುಪಾಗಿರುತ್ತದೆ. ಅಪ್ಪಟ ಕೆಂಪು (255, 0, 0) ಮತ್ತು ಗಾಢ ಹಸಿರು (0, 128, 0) ಬೂದುಬಣ್ಣಕ್ಕೆ ಇಳಿದಾಗ ಅವುಗಳ ಹೊಳಪು 255ರ ಮಾಪನದಲ್ಲಿ 76 ಮತ್ತು 75. ಅಂದರೆ ಎರಡೂ ಒಂದೇ. ‘ಕೆಂಪು ತಾಲ್ಲೂಕುಗಳಲ್ಲಿ ಬಿತ್ತನೆ ಮುಂದೂಡಿ’ ಎಂಬ ಸಲಹೆ ಆ ಕಾಗದದ ಮೇಲೆ ಅರ್ಥ ಕಳೆದುಕೊಳ್ಳುತ್ತದೆ. ಮೇಲಿನ ಎಂಟು ಬಣ್ಣಗಳ ಪಟ್ಟಿಗೂ ಈ ಮಿತಿ ಇದೆ: ಕಿತ್ತಳೆ 162ಕ್ಕೂ ಆಕಾಶನೀಲಿ 158ಕ್ಕೂ ಇಳಿಯುವುದರಿಂದ ಅವೆರಡನ್ನು ಅಕ್ಕಪಕ್ಕ ಇಡಬಾರದು. ಜೆರಾಕ್ಸ್ ಆಗಬಹುದಾದ ಚಿತ್ರಕ್ಕೆ ಕಪ್ಪು, ನೀಲಿ (87), ಕಿತ್ತಳೆ (162), ಹಳದಿ (213) ಈ ನಾಲ್ಕು ಸಾಕು. ನಾಲ್ಕಕ್ಕಿಂತ ಹೆಚ್ಚು ಬಣ್ಣ ಬೇಕೆನಿಸಿದರೆ ಚಿತ್ರವನ್ನು ಎರಡಾಗಿ ಒಡೆಯುವುದು ಒಳ್ಳೆಯದು.

ಇಲ್ಲೊಂದು ಮಾತು. ಭತ್ತಕ್ಕೆ ಸಾರಜನಕ ಕೊಡುವ ಸಮಯವನ್ನು ನಿರ್ಧರಿಸಲು ಬಳಸುವ ಎಲೆಬಣ್ಣದ ಪಟ್ಟಿಯನ್ನು ಕೆಲವರು ಮುದ್ರಿಸಿಕೊಂಡು ಅಥವಾ ಮೊಬೈಲ್ ಪರದೆಯಲ್ಲಿ ನೋಡಿ ಬಳಸುತ್ತಿದ್ದಾರೆ. ಅದು ಆಲೇಖವಲ್ಲ, ಅಳತೆಯ ಉಪಕರಣ. ಮುದ್ರಣಯಂತ್ರ ಬದಲಾದರೆ ಬಣ್ಣ ಬದಲಾಗುತ್ತದೆ, ಬಣ್ಣ ಬದಲಾದರೆ ಯೂರಿಯಾದ ಪ್ರಮಾಣ ಬದಲಾಗುತ್ತದೆ. ಮೂಲ ಪ್ಲಾಸ್ಟಿಕ್ ಪಟ್ಟಿಯನ್ನೇ ಬಳಸಬೇಕು.

ಎಕ್ಸೆಲ್‌ನಲ್ಲಿ ಸಿದ್ಧಮಾದರಿ

ವಿಸ್ತರಣಾ ಕಾರ್ಯಕರ್ತರಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಎಕ್ಸೆಲ್. ಅದರಲ್ಲಿ ಒಂದು ಆಲೇಖವನ್ನು ಬಣ್ಣ, ಅಕ್ಷರ, ಅಕ್ಷ, ಶೀರ್ಷಿಕೆಗಳೊಡನೆ ಅಚ್ಚುಕಟ್ಟಾಗಿ ರಚಿಸಿ, ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಸೇವ್ ಆ್ಯಸ್ ಟೆಂಪ್ಲೇಟ್’ ಆಯ್ದರೆ ಸಿದ್ಧಮಾದರಿಯ ಕಡತ ಉಳಿಯುತ್ತದೆ. ಆ ಕಡತವನ್ನು ಇತರರಿಗೆ ಕಳುಹಿಸಿದರೆ ಅವರೂ ತಮ್ಮ ಗಣಕದ ಟೆಂಪ್ಲೇಟ್ ಕಡತಕೋಶದಲ್ಲಿ ಇರಿಸಿಕೊಂಡು ಬಳಸಬಹುದು.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಮಾದರಿ ರಚಿಸುವಾಗ ಅಕ್ಷದ ಕನಿಷ್ಠ ಬೆಲೆಯನ್ನು ಸೊನ್ನೆಗೆ ಸ್ಥಿರಗೊಳಿಸಬೇಕು, ಆದರೆ ಗರಿಷ್ಠ ಬೆಲೆಯನ್ನು ಸ್ವಯಂಚಾಲಿತವಾಗಿಯೇ ಬಿಡಬೇಕು. ಇಲ್ಲವಾದರೆ ರಾಗಿಗೆ ಮಾಡಿದ ಮಾದರಿಯಲ್ಲಿ ಕಬ್ಬಿನ ಇಳುವರಿ ತುಂಬಿದಾಗ ಸ್ತಂಭಗಳು ಚಿತ್ರದ ಮೇಲಂಚಿಗೆ ಬಡಿದು ನಿಲ್ಲುತ್ತವೆ. ಎರಡನೆಯದಾಗಿ, ಬಣ್ಣಗಳನ್ನು ‘ಥೀಮ್’ ಪಟ್ಟಿಯಿಂದ ಆರಿಸಿದ್ದರೆ ಬೇರೆ ಥೀಮ್ ಇರುವ ಕಡತದಲ್ಲಿ ಅವು ಬದಲಾಗಿಬಿಡುತ್ತವೆ. ಮೇಲೆ ಕೊಟ್ಟಂತೆ ಅಂಕಿಗಳ ಮೂಲಕ ಬಣ್ಣ ನಿಗದಿಪಡಿಸಿದರೆ ಈ ತೊಂದರೆ ಇಲ್ಲ.

ಲಕ್ಷ, ಕೋಟಿಗಳ ಅಲ್ಪವಿರಾಮವೂ ಅನೇಕರ ತಲೆನೋವು. ತಂತ್ರಾಂಶ 1,250,000 ಎಂದು ಬರೆದರೆ ನಮ್ಮವರು ತಡವರಿಸುತ್ತಾರೆ. ಸಂಖ್ಯಾವಿನ್ಯಾಸದ ‘ಕಸ್ಟಮ್’ ಪೆಟ್ಟಿಗೆಯಲ್ಲಿ ಈ ಸೂತ್ರವನ್ನು ಬರೆದರೆ 12,50,000 ಎಂದೇ ಬರುತ್ತದೆ:

[>=10000000]##\,##\,##\,##0;[>=100000]##\,##\,##0;##,##0

ಮೂರು ಆಯಾಮದ ಸ್ತಂಭಗಳು, ನೆರಳು, ಹಿನ್ನೆಲೆಯಲ್ಲಿ ಹೊಲದ ಛಾಯಾಚಿತ್ರ ಇವುಗಳಿಗೆ ಸಿದ್ಧಮಾದರಿಯಲ್ಲಿ ಎಡೆಯಿರಬಾರದು.

ಆರ್ ಭಾಷೆ ಮತ್ತು ಸಂಸ್ಥೆಯ ಸ್ವಂತ ಪ್ಯಾಕೇಜು

ವಾರಕ್ಕೊಮ್ಮೆ ಎಲ್ಲ ಜಿಲ್ಲೆಗಳಿಗೂ ಆಲೇಖ ರಚಿಸಬೇಕಾದ ಕೇಂದ್ರಗಳಿಗೆ ಎಕ್ಸೆಲ್ ಸಾಲದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಅವರು ರೂಪಿಸಿದ ಆರ್ ಭಾಷೆ ಉಚಿತವಾಗಿ ದೊರೆಯುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಹಲವರಿಗೆ ಇದರ ಪರಿಚಯವಿದೆ. ಇದರಲ್ಲಿ ಹ್ಯಾಡ್ಲಿ ವಿಕ್‌ಹ್ಯಾಮ್ ಅವರ ಜಿಜಿಪ್ಲಾಟ್2 ಎಂಬ ಪ್ಯಾಕೇಜು ಆಲೇಖಗಳಿಗೆ ಹೆಸರಾಗಿದೆ. ಲೀಲೆಂಡ್ ವಿಲ್ಕಿನ್ಸನ್ ಅವರು 1999ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ‘ಆಲೇಖಗಳ ವ್ಯಾಕರಣ’ ಇದಕ್ಕೆ ತಳಹದಿ. ದತ್ತಾಂಶ ಬೇರೆ, ಆಕಾರ ಬೇರೆ, ಅಕ್ಷ ಬೇರೆ, ತೋರಿಕೆ ಬೇರೆ ಎಂದು ಪದರಗಳಾಗಿ ವಿಂಗಡಿಸುವುದು ಅದರ ತಿರುಳು. ತೋರಿಕೆಯ ಪದರವನ್ನು ಪ್ರತ್ಯೇಕವಾಗಿ ತೆಗೆದಿಡಬಹುದಾದ್ದರಿಂದಲೇ ಸಂಸ್ಥೆಗಳು ತಮ್ಮ ಸ್ವಂತ ತೋರಿಕೆಯನ್ನು ಪ್ಯಾಕೇಜಾಗಿ ಹಂಚಲು ಸಾಧ್ಯವಾಗಿದೆ.

ಬ್ರಿಟನ್ನಿನ ಬಿಬಿಸಿ ಸುದ್ದಿಸಂಸ್ಥೆಯ ದತ್ತಾಂಶ ತಂಡ 2019ರಲ್ಲಿ ಎಲ್ಲರಿಗೂ ತೆರೆದಿಟ್ಟ ಬಿಬಿಪ್ಲಾಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿರುವುದು ಎರಡೇ ಆದೇಶಗಳು. ಒಂದು, ಅಕ್ಷರ, ಗೆರೆ, ಅಂಚುಗಳನ್ನು ಸಂಸ್ಥೆಯ ಶೈಲಿಗೆ ತರುತ್ತದೆ. ಇನ್ನೊಂದು, ಶೀರ್ಷಿಕೆಯನ್ನು ಎಡಕ್ಕೆ ಸರಿಸಿ, ಕೆಳಗೆ ಮೂಲದ ಉಲ್ಲೇಖ ಮತ್ತು ಲಾಂಛನವನ್ನು ಸೇರಿಸಿ, ನಿಗದಿತ ಅಳತೆಯಲ್ಲಿ ಉಳಿಸುತ್ತದೆ. ಇಷ್ಟು ಚಿಕ್ಕದಾಗಿರುವುದೇ ಅದರ ಗುಣ. ನೂರು ಆಯ್ಕೆಗಳನ್ನು ಕೊಡುವ ಸಹಾಯಕ ತಂತ್ರಾಂಶ ಸಹಾಯಕವಲ್ಲ. ಅದನ್ನು ಕಲಿಯಲು ಮತ್ತೊಬ್ಬ ಸಹಾಯಕ ಬೇಕಾಗುತ್ತದೆ.

ಕೃಷಿ ಸಂಸ್ಥೆಗೆ ಇದೇ ಬಗೆಯ ಪ್ಯಾಕೇಜು ಮಾಡಿಕೊಳ್ಳುವುದಾದರೆ ಈ ಎರಡರ ಜೊತೆಗೆ ಮಾನ ಪರಿವರ್ತನೆಯ ಒಂದು ಆದೇಶ, ಸಿ.ಡಿ. ಗೆರೆ ಎಳೆಯುವ ಒಂದು ಆದೇಶ ಸೇರಿದರೆ ಸಾಕು. ಸಿ.ಡಿ.ಯ ಲೆಕ್ಕವನ್ನು ಹಿಸಾರ್ ಕೃಷಿ ವಿಶ್ವವಿದ್ಯಾಲಯದ ಆಪ್‌ಸ್ಟ್ಯಾಟ್ ಅಥವಾ ಕೇರಳ ಕೃಷಿ ವಿಶ್ವವಿದ್ಯಾಲಯದ ಗ್ರೇಪ್ಸ್ ಎಂಬ ಜಾಲತಾಣದ ಸೌಲಭ್ಯಗಳಲ್ಲಿ ಮಾಡಿ, ಬಂದ ಬೆಲೆಯನ್ನು ಇಲ್ಲಿಗೆ ಕೊಡಬಹುದು. ಪೈಥಾನ್ ಬಳಸುವವರಿಗೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಶೈಲಿಯ ಕಡತವೆಂಬ ಇದೇ ಬಗೆಯ ಅನುಕೂಲವಿದೆ.

ಕನ್ನಡ ಅಕ್ಷರಗಳ ಸಮಸ್ಯೆ

ಹೊರದೇಶದ ಮಾದರಿಗಳನ್ನು ಹಾಗೆಯೇ ತಂದರೆ ಮೊದಲು ಮುರಿಯುವುದು ನಮ್ಮ ಒತ್ತಕ್ಷರ. ‘ಸತ್ತ್ವ’, ‘ಕ್ವಿಂಟಾಲ್’, ‘ಹೆಕ್ಟೇರ್’ ಎಂಬ ಪದಗಳಲ್ಲಿ ಒತ್ತು ಕೆಳಗೆ ಕೂರದೆ, ಅರ್ಧಾಕ್ಷರವಾಗಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅಕ್ಷರಗಳನ್ನು ಜೋಡಿಸುವ ಕೆಲಸವನ್ನು ಚಿತ್ರ ರಚಿಸುವ ಭಾಗ ಮಾಡದಿರುವುದೇ ಇದಕ್ಕೆ ಕಾರಣ. ಫಾಂಟ್ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಆರ್ ಭಾಷೆಯಲ್ಲಿ ರ್‍ಯಾಗ್ ಎಂಬ ಪ್ಯಾಕೇಜಿನ ಮೂಲಕ ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಈ ತೊಡಕು ಬಹುಕಾಲದಿಂದ ಇದೆ. ಆದ್ದರಿಂದ ಕನ್ನಡದ ಆಲೇಖಗಳಿಗೆ ಆರ್ ಅಥವಾ ಎಕ್ಸೆಲ್ ಬಳಸುವುದು ಸುಲಭ.

ಹಳೆಯ ನುಡಿ, ಬರಹಗಳ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದ ಶೀರ್ಷಿಕೆಗಳು ಆ ಫಾಂಟ್ ಇಲ್ಲದ ಗಣಕದಲ್ಲಿ ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಸಂಸ್ಥೆಯ ಮಾದರಿಯಲ್ಲಿ ಯೂನಿಕೋಡ್ ಫಾಂಟ್ ಒಂದನ್ನೇ ನಿಗದಿಪಡಿಸಬೇಕು. ಉಚಿತವಾಗಿ ಸಿಗುವ ನೋಟೊ ಸ್ಯಾನ್ಸ್ ಕನ್ನಡ ಸಾಕಷ್ಟು ಸ್ಪಷ್ಟವಾಗಿದೆ. ನಮ್ಮ ಅಕ್ಷರಗಳಿಗೆ ಮೇಲೆ ಗುಣಿತ, ಕೆಳಗೆ ಒತ್ತು ಬರುವುದರಿಂದ ಇಂಗ್ಲಿಷಿಗಿಂತ ಹೆಚ್ಚು ಸಾಲಂತರ ಕೊಡಬೇಕು. ಅಡ್ಡ ಅಕ್ಷದ ಕೆಳಗೆ ಹೆಸರುಗಳನ್ನು ಓರೆಯಾಗಿ ಬರೆಯುವ ಬದಲು ಸ್ತಂಭಗಳನ್ನೇ ಅಡ್ಡಲಾಗಿ ಮಲಗಿಸಿದರೆ ತಾಲ್ಲೂಕುಗಳ ಹೆಸರು ನೆಟ್ಟಗೆ ಓದಲು ಸಿಗುತ್ತದೆ.

ಮೊಬೈಲಿಗೆ ಕಳುಹಿಸುವ ಚಿತ್ರ ಅಡ್ಡಕ್ಕಿಂತ ಉದ್ದವಾಗಿರಲಿ. ಜೆಪೆಗ್ ಬದಲು ಪಿಎನ್‌ಜಿ ರೂಪ ಬಳಸಿದರೆ ಅಕ್ಷರಗಳ ಅಂಚು ಮಸುಕಾಗುವುದಿಲ್ಲ.

ಮಳೆಯ ಆಲೇಖ

ವಿಸ್ತರಣೆಯಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಇದೇ ಆದ್ದರಿಂದ ಇದಕ್ಕೆ ಪ್ರತ್ಯೇಕ ಸಿದ್ಧಮಾದರಿ ಇರಬೇಕು. ವಾರದ ಮಳೆ ಸ್ತಂಭಗಳಲ್ಲಿ, ವಾಡಿಕೆ ಮಳೆ ಸಣ್ಣ ಅಡ್ಡಗೆರೆಗಳಲ್ಲಿ ಬರಲಿ. ವಾರದಿಂದ ವಾರಕ್ಕೆ ಗೆರೆ ಎಳೆದು ಜೋಡಿಸಿದರೆ ಮಳೆ ಬಾರದ ನಡುವಿನ ದಿನಗಳಲ್ಲೂ ಮಳೆ ಇತ್ತೇನೋ ಎಂಬ ಭಾವನೆ ಬರುತ್ತದೆ.

ಹವಾಮಾನ ವಾರಗಳ ಸಂಖ್ಯೆ ನಮಗೆ ಅನುಕೂಲ, ರೈತರಿಗೆ ಅಲ್ಲ. 23ನೆಯ ವಾರ ಎಂದರೆ ಜೂನ್ 4ರಿಂದ 10 ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅಡ್ಡ ಅಕ್ಷದ ಕೆಳಗೆ ದಿನಾಂಕ, ಅದರ ಕೆಳಗೆ ಮಳೆ ನಕ್ಷತ್ರಗಳ ಹೆಸರು ಬರಲಿ. ಮೃಗಶಿರಾ ಜೂನ್ 8ರ ಆಸುಪಾಸಿಗೆ, ಆರಿದ್ರಾ ಜೂನ್ 22ರ ಆಸುಪಾಸಿಗೆ ಹುಟ್ಟುತ್ತವೆ. ಪ್ರತಿ ನಕ್ಷತ್ರಕ್ಕೂ ಹದಿಮೂರು ಹದಿನಾಲ್ಕು ದಿನ. ಇದನ್ನು ಅವೈಜ್ಞಾನಿಕವೆಂದು ಆಕ್ಷೇಪಿಸುವ ಸಹೋದ್ಯೋಗಿಗಳಿದ್ದಾರೆ. ಮಳೆ ನಕ್ಷತ್ರವೆಂಬುದು ಸೂರ್ಯನ ಸ್ಥಾನವನ್ನು ಆಧರಿಸಿದ ಪಂಚಾಂಗದ ವಿಭಾಗ; ಇಲ್ಲಿ ನಾವು ಅದನ್ನು ಬಳಸುವುದು ದಿನಾಂಕವನ್ನು ಗುರುತಿಸಲು ಮಾತ್ರ, ಮಳೆಯ ಭವಿಷ್ಯ ಹೇಳಲು ಅಲ್ಲ. ಎಳ್ಳಿನಿಂದ ಹುರುಳಿಯವರೆಗೆ ಬಿತ್ತನೆಯ ಕಾಲವನ್ನು ನಕ್ಷತ್ರದ ಲೆಕ್ಕದಲ್ಲೇ ಹೇಳುವ ಹಿರಿಯರು ಇಂದಿಗೂ ಊರೂರಲ್ಲಿ ಇರುವಾಗ, ಅವರ ಭಾಷೆಯಲ್ಲಿ ಅಕ್ಷವನ್ನು ಬರೆಯುವುದರಿಂದ ವಿಜ್ಞಾನಕ್ಕೆ ಕುಂದಿಲ್ಲ.

ವಾಡಿಕೆಯಿಂದ ಶೇಕಡ ಎಷ್ಟು ವ್ಯತ್ಯಾಸ ಎಂಬುದನ್ನಷ್ಟೇ ತೋರಿಸುವ ಚಿತ್ರಗಳ ಬಗ್ಗೆ ಎಚ್ಚರವಿರಬೇಕು. ವಾಡಿಕೆ 5 ಮಿ.ಮೀ. ಇರುವ ವಾರದಲ್ಲಿ 10 ಮಿ.ಮೀ. ಬಿದ್ದರೆ ‘ಶೇ 100 ಹೆಚ್ಚುವರಿ’ ಎಂದಾಗುತ್ತದೆ. ಆ ಮಳೆಗೆ ಮೇಲ್ಮಣ್ಣೂ ನೆನೆಯದು. ಅದನ್ನು ನಂಬಿ ಒಣಭೂಮಿಯಲ್ಲಿ ಬಿತ್ತಿದ ಬೀಜ ಮೊಳೆತು ಒಣಗುತ್ತದೆ. ಆದ್ದರಿಂದ ಶೇಕಡದ ಜೊತೆಗೆ ಮಿಲಿಮೀಟರ್ ಇಲ್ಲದಿದ್ದರೆ ತಂತ್ರಾಂಶ ಚಿತ್ರವನ್ನು ಉಳಿಸದಂತೆ ಮಾಡುವುದು ಉತ್ತಮ. 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನವನ್ನು ಮಾತ್ರ ಮಳೆ ದಿನವೆಂದು ಎಣಿಸಿ, ಅವುಗಳ ಸಂಖ್ಯೆಯನ್ನು ಸ್ತಂಭದ ಮೇಲೆ ಬರೆದರೆ ಮಳೆಯ ಹಂಚಿಕೆಯೂ ತಿಳಿಯುತ್ತದೆ. ವಾಡಿಕೆ ಮಳೆ ಯಾವ ಅವಧಿಯ ಸರಾಸರಿ ಎಂಬುದನ್ನು ಅಡಿಯಲ್ಲಿ ನಮೂದಿಸಬೇಕು. ಹವಾಮಾನ ಇಲಾಖೆ ಈಗ ಬಳಸುತ್ತಿರುವುದು 1971ರಿಂದ 2020ರ ಸರಾಸರಿ.

ಭೂಪಟಗಳು

ಜಿಲ್ಲಾವಾರು ಭೂಪಟಗಳಿಗೆ ಅಮೆರಿಕದ ಭೂಗೋಳಶಾಸ್ತ್ರಜ್ಞೆ ಸಿಂಥಿಯಾ ಬ್ರೂವರ್ ಅವರ ಕಲರ್‌ಬ್ರೂವರ್ ಬಣ್ಣಪಟ್ಟಿಗಳು ಅನುಕೂಲ. ಒಂದೇ ಬಣ್ಣದ ತಿಳಿಯಿಂದ ಗಾಢದವರೆಗೆ ಐದು ಹಂತ ಸಾಕು. ಹೆಚ್ಚು ತೊಂದರೆ ಕೊಡುವುದು ಬಣ್ಣವಲ್ಲ, ಹೆಸರು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾಯಿತು. ದತ್ತಾಂಶದಲ್ಲಿ ಗುಲ್ಬರ್ಗ, ಭೂಪಟದಲ್ಲಿ ಕಲಬುರಗಿ ಎಂದಿದ್ದರೆ ತಂತ್ರಾಂಶ ಎರಡನ್ನೂ ಬೇರೆಯೆಂದೇ ತಿಳಿದು ಆ ಜಿಲ್ಲೆಯನ್ನು ಖಾಲಿ ಬಿಡುತ್ತದೆ. ನೋಡುವವರು ಅಲ್ಲಿ ಮಳೆಯೇ ಇಲ್ಲವೆಂದು ತಿಳಿಯಬಹುದು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರ್ಪಟ್ಟು ಜಿಲ್ಲೆಗಳ ಸಂಖ್ಯೆ 31 ಆಯಿತು. 30 ಜಿಲ್ಲೆಗಳ ಹಳೆಯ ಗಡಿಕಡತ ಇನ್ನೂ ಹಲವರ ಗಣಕದಲ್ಲಿದೆ. ಹಳೆಯ ಮತ್ತು ಹೊಸ ಹೆಸರುಗಳ ಹೊಂದಾಣಿಕೆಯ ಪಟ್ಟಿಯನ್ನು ಸಹಾಯಕ ತಂತ್ರಾಂಶದೊಳಗೇ ಇರಿಸಬೇಕು. ದತ್ತಾಂಶ ದೊರೆಯದ ಜಿಲ್ಲೆಗೆ ಬಿಳಿಯ ಬದಲು ಬೂದು ಬಣ್ಣ ಹಾಗೂ ‘ಮಾಹಿತಿ ಇಲ್ಲ’ ಎಂಬ ಬರಹ ತಾನಾಗಿ ಬರುವಂತಿರಬೇಕು. ಹವಾಮಾನ ಇಲಾಖೆಯ ಪಟದಲ್ಲಿ ಬಿಳಿ ಎಂದರೆ ಮಳೆ ಇಲ್ಲ ಎಂದೇ ಅರ್ಥ.

ನಿರ್ವಹಣೆ

ಸಿದ್ಧಮಾದರಿಗೆ ಒಬ್ಬರು ಹೊಣೆಗಾರರು ಇರಬೇಕು. ಕಡತದ ಹೆಸರಿನಲ್ಲೇ ತಿಂಗಳು ಮತ್ತು ವರ್ಷವನ್ನು ಸೇರಿಸಿದರೆ ಯಾವುದು ಹೊಸದೆಂದು ತಿಳಿಯುತ್ತದೆ. ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ, ಬೆಂಬಲ ಬೆಲೆ, ಜಿಲ್ಲೆ ತಾಲ್ಲೂಕುಗಳ ಹೆಸರು, ಶಿಫಾರಸಿನ ಪ್ರಮಾಣ ಮತ್ತು ವಾಡಿಕೆ ಮಳೆಯ ಕೋಷ್ಟಕಗಳನ್ನು ಪರಿಶೀಲಿಸಬೇಕು. ಬೆಂಬಲ ಬೆಲೆ ತಡವಾಗಿ ಘೋಷಣೆಯಾದರೆ ಆಗ ಮತ್ತೊಮ್ಮೆ. ಹೊಸ ಮಾದರಿಯನ್ನು ಹಂಚುವ ಮೊದಲು ಅದರ ಒಂದು ಪ್ರತಿಯನ್ನು ಸಮೀಪದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಇನ್ನೊಂದನ್ನು ಚಿಕ್ಕ ಪರದೆಯ ಮೊಬೈಲಿಗೆ ಕಳುಹಿಸಿ, ಆಲೇಖ ರಚಿಸದ ಒಬ್ಬರಿಂದ ಓದಿಸಿ ನೋಡಬೇಕು. ಚಿತ್ರದ ಜೊತೆಗೆ ಅದರ ಮೂಲ ಅಂಕಿಗಳ ಕೋಷ್ಟಕವನ್ನೂ ಅದೇ ಹೆಸರಿನಲ್ಲಿ ಉಳಿಸಿಟ್ಟರೆ, ರೈತರೊಬ್ಬರು ಬಂದು ಈ ಸ್ತಂಭ ಎಲ್ಲಿಯ ಹೊಲದ್ದು ಎಂದು ಕೇಳಿದಾಗ ತೋರಿಸಬಹುದು.